ತಪಕೀರದ ಕುಳಿ

ಮಿರಜದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕಾಕಾ ತಪಕೀರ, ಅಂದರೆ ನಶ್ಯ, ಏರಿಸುವುದನ್ನು ನೋಡಬೇಕಿತ್ತು. ಹೆಬ್ಬೆರಳು ಸೆಟೆಸಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ಒಂದು ಕುಳಿ ಬೀಳುತ್ತದಲ್ಲ, ಅಲ್ಲಿ ಪುಡಿ ಸುರುವಿಕೊಂಡು ಮೂಗಿಗೆಳೆಯುತ್ತಿದ್ದರು. ಸೀನಿದ ಮೇಲೆ ಮರಾಠಿಯವರಿಗೆ "ಅಜೂನ್ ಏಕ್ ಕಾಢೂಯಾ", ನಮ್ಮವರಿಗೆ "ಇನ್ನೊಂದು ಫೋಟೋ ತಗಿಯೂಣ್ರಿ" ಎನ್ನುತ್ತಿದ್ದರು.

ನಾನು ಬಚ್ಚಲಲ್ಲಿ ಜಾರಿ ಎಡಗೈ ಊರಿ ಬಿದ್ದಿದ್ದೆ. ಕಾಕಾ ತೆಗೆದ ಎರಡು ಫೋಟೋದಲ್ಲೂ ಎಲುಬು ನೆಟ್ಟಗಿತ್ತು. ಶಿವ ಕಾಯ್ದ ಎಂದುಕೊಂಡು ಎದ್ದೆ. ದಿನವೂ ಲಿಂಗವಿಟ್ಟು ಪೂಜಿಸುವ ಅಂಗೈ ಅದು, ಪ್ಲಾಸ್ಟರ್ ಬಿದ್ದರೆ ಪೂಜೆಯ ಗತಿಯೇನು?

ಕಾಕಾ ನನ್ನ ಕೈ ಹಿಡಿದು ಅದೇ ಕುಳಿಯಲ್ಲಿ ಬೆರಳೊತ್ತಿದರು. ನಾನು ಚೀರಿದೆ.

"ಇನ್ನೊಂದು ತಗಿಯೂಣ್ರಿ. ಕೈ ಕಿರುಬೆರಳ ಕಡೆ ಹೊರಳಸ್ರಿ. ನಿಮ್ಮ ದೇವರು ಮಣಿಕಟ್ಟಿನ್ಯಾಗ ಎಂಟು ಎಲುಬು ತುರುಕ್ಯಾನ, ಒಂದರ ಹಿಂದ ಒಂದು ಅಡಗತಾವ."

ಮೂರನೆಯ ಫೋಟೋದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಹಾಗೇ ಬಿಟ್ಟಿದ್ದರೆ ಎಲುಬು ಕೂಡುತ್ತಲೇ ಇರಲಿಲ್ಲ ಎಂದ ಡಾಕ್ಟರು, ಅಂಗೈ ಮುಚ್ಚುವಂತೆ ಆರು ವಾರದ ಪ್ಲಾಸ್ಟರ್ ಹಾಕಿಸಿದರು.

ಹೊರಗೆ ಬಂದು ಕಾಕಾನ ಮೇಲೆ ಹರಿಹಾಯ್ದೆ. "ನಿಮ್ಮ ತಪಕೀರಕ್ಕ ಬೆಂಕಿ ಬೀಳ್ಲಿ ಕಾಕಾ! ಇನ್ನ ಲಿಂಗ ಎಲ್ಲಿ ಇಡಲ್ರಿ ನಾ?"

"ಪ್ಲಾಸ್ಟರ್ ಮ್ಯಾಲೇ ಇಡ್ರಿ ಅಕ್ಕಾರ. ಒಳಗಿನ ಕೈ ನಿಮ್ದೇ ಐತಲ್ಲ? ನೀರಷ್ಟ ಹಾಕಬ್ಯಾಡ್ರಿ."

ಬಯ್ದುಕೊಳ್ಳುತ್ತಲೇ ಹಾಗೆ ಮಾಡಿದೆ. ಆರು ವಾರ ನನ್ನ ಶಿವನಿಗೆ ಸ್ನಾನವಿಲ್ಲ. ಒಣ ವಿಭೂತಿ, ಒಂದು ಪತ್ರಿ, ಅಷ್ಟೇ. ಅವನೇನೂ ಗೊಣಗಲಿಲ್ಲ, ಗೊಣಗಿದವಳು ನಾನೊಬ್ಬಳೇ.