ಎರ್ಸಿಲಿಯಾ ಬಿಚ್ಚಿದ ಹೊಲಿಗೆ

ಎರ್ಸಿಲಿಯಾ ಹದಿನೆಂಟು ವರ್ಷ ವಿಮಾನಗಳಿಗೆ ಬಟ್ಟೆ ಹೊಲಿದಳು. ಒಂದು ದಿನವೂ ವಿಮಾನ ಹತ್ತಲಿಲ್ಲ. ಅದಕ್ಕೂ ಮೊದಲು ಮದುವಣಗಿತ್ತಿಯರ ಉಡುಪು ಹೊಲಿಯುತ್ತಿದ್ದವಳು. ನೊವಾರಾ ಊರಿನ ಭತ್ತದ ಗದ್ದೆಗಳ ಅಂಚಿನಲ್ಲಿದ್ದ ನಮ್ಮ ಹಾರಾಟದ ಕ್ಲಬ್ಬಿನಲ್ಲಿ ನಾನು ಮೆಕ್ಯಾನಿಕ್. ಯುದ್ಧ ಮುಗಿದ ಮೇಲೆ ಬಂದ ಆ ಎರಡು ಸೀಟಿನ ಪುಟ್ಟ ವಿಮಾನಗಳ ರೆಕ್ಕೆಗೆ ಮರದ ಚೌಕಟ್ಟು, ಮೇಲೆ ಬಟ್ಟೆ. ಹೊಲಿದು, ಮೆರುಗೆಣ್ಣೆ ಬಳಿದು, ಒಣಗಿದ ಮೇಲೆ ಬೆರಳಿಂದ ತಟ್ಟಬೇಕು. ತಮಟೆಯಂತೆ ಸದ್ದು ಬಂದರೆ ಕೆಲಸ ಸರಿ. ಅವಳು ತಟ್ಟಿ ನೋಡದೆ ನಾನು ಯಾವ ವಿಮಾನವನ್ನೂ ಹೊರಗೆ ತಳ್ಳುತ್ತಿರಲಿಲ್ಲ.

ಅವಳ ಗಂಡ ತುಲ್ಲಿಯೊ ಹಾರುವುದನ್ನು ಕಲಿಸುತ್ತಿದ್ದ. ಹತ್ತುವ ಮುನ್ನ ರೆಕ್ಕೆಗೆ ಎರಡು ಸಲ ತಟ್ಟುವುದು ಅವನ ಚಾಳಿ. ಹೆಂಡತಿಯ ಹೊಲಿಗೆಗೆ ಅದೇ ಶಹಬ್ಬಾಸ್. ಅರವತ್ತೊಂದರ ನವೆಂಬರಿನಲ್ಲಿ ಮಂಜು ಕವಿದು, ನೆಲ ಕಾಣದೆ, ಗದ್ದೆಗೆ ಬಿದ್ದು ಸತ್ತ. ವಿಮಾನದ ಎಡ ರೆಕ್ಕೆ ಮಾತ್ರ ಮುರಿಯದೆ ಉಳಿದಿತ್ತು. ಮೂರು ವರ್ಷದ ಮೇಲೆ ಅದನ್ನೇ ಇನ್ನೊಂದು ವಿಮಾನಕ್ಕೆ ಕೂಡಿಸಿದೆವು. ಬೇಡವೆಂದು ನಾನು ಗಂಟಲು ಹರಿದುಕೊಂಡೆ. ಹೊಸ ಬಟ್ಟೆ ಹೊಲಿಯುತ್ತೇನೆಂದು ಹಟ ಹಿಡಿದವಳು ಅವಳೇ.

ಆಮೇಲೆ ಮಧ್ಯಾಹ್ನದ ಊಟಕ್ಕೆ ಅವಳು ನಮ್ಮ ಮೇಜಿಗೆ ಬರುವುದನ್ನೇ ಬಿಟ್ಟಳು. ಕಾಳು ಹಾಕಿದ ಅನ್ನದ ಡಬ್ಬಿ ಹಿಡಿದು ಆ ರೆಕ್ಕೆಯ ಪಕ್ಕ ಕೂರುತ್ತಿದ್ದಳು. ಒಂದು ದಿನ ರೇಗಿಸಿದೆ.

"ಏನೇ, ರೆಕ್ಕೆಗೂ ತುತ್ತು ತಿನ್ನಿಸ್ತೀಯಾ?"

ಅವಳು ನಗಲಿಲ್ಲ. "ಎಲ್ವಿಯೊ, ಬಾ ಇಲ್ಲಿ. ಕಿವಿ ಇಡು."

ಬಟ್ಟೆಗೆ ತಟ್ಟಿದಳು. ಒಳಗಿನಿಂದ ಟಕ್, ಟಕ್ ಎಂದು ಎರಡು ಪೆಟ್ಟು.

"ಅವ್ನೇ ಕಣೋ. ದಿನಾ ಉತ್ತರ ಕೊಡ್ತಾನೆ. ಯಾರಿಗೂ ಹೇಳ್ಬೇಡ."

ಹೆದರಿದೆ, ಸುಳ್ಳೇಕೆ? ಆದರೆ ಮರುದಿನ ಬೆಳಿಗ್ಗೆ ಅದೇ ವಿಮಾನದಲ್ಲಿ ನನ್ನ ಮಗಳು ಮಿರೆಲ್ಲಾ ಮೊದಲ ಬಾರಿಗೆ ಒಬ್ಬಳೇ ಹಾರುವವಳಿದ್ದಳು. ರೆಕ್ಕೆಯೊಳಗೆ ಏನಾದರೂ ಉರುಳಾಡಿ, ಹಾರುವಾಗ ವಾಲಿಸಿ ತಿರುಗಿಸುವ ತಂತಿಯ ರಾಟೆಗೆ ಸಿಕ್ಕಿಕೊಂಡರೆ ವಿಮಾನ ಹೇಳಿದ ಮಾತು ಕೇಳುವುದಿಲ್ಲ.

"ಒಳಗೆ ಏನೋ ಬಿದ್ದಿದೆ, ಎರ್ಸಿಲಿಯಾ. ಬಿಚ್ಚು."

"ಬಿಚ್ಚಿದ್ರೆ ಹೋಗ್ಬಿಡ್ತಾನೆ."

"ನಾಳೆ ಹಾರೋಳು ನನ್ ಮಗಳು! ನಿಂಗೆ ತಲೆ ಕೆಟ್ಟಿದ್ಯಾ?" ಎಂದು ಕೂಗಾಡಿ ಕತ್ತರಿ ಎತ್ತಿಕೊಂಡೆ.

ಅವಳು ಕಸಿದುಕೊಂಡಳು. "ನಿನ್ ಒರಟು ಕೈ ಬೇಡ. ಹೊಲ್ದಿದ್ದು ನಾನು."

ಅಂಚಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ ಕೈ ಹಾಕಿದಳು. ರಾಟೆಯ ಪಕ್ಕದಲ್ಲೇ ಸಿಕ್ಕಿತು, ದಾರಕ್ಕೆ ಉಜ್ಜುವ ಮೇಣದ ಗಟ್ಟಿ. ಅವಳದೇ. ರೆಕ್ಕೆ ಮುಚ್ಚುವ ಮುನ್ನ ಒಳಗೆ ಕೈಯಾಡಿಸಿ ನೋಡಲು ಮರೆತಿದ್ದಳು, ಹದಿನೆಂಟು ವರ್ಷದಲ್ಲಿ ಒಂದೇ ಸಲ. ಬಟ್ಟೆ ತಟ್ಟಿದಾಗೆಲ್ಲ ಅದು ಒಳಗೆ ಕುಣಿಯುತ್ತಿತ್ತು.

ಸಂಜೆಯೊಳಗೆ ಮತ್ತೆ ಹೊಲಿದು ಮೆರುಗೆಣ್ಣೆ ಬಳಿದಳು. ಕೂಗಾಡಿದ್ದಕ್ಕೆ ನನಗೆ ನಾಚಿಕೆಯಾಗುತ್ತಿತ್ತು. ಒಣಗಿದ ಮೇಲೆ ತಟ್ಟಿದಳು. ಬಟ್ಟೆಯ ಸದ್ದು ಬಂತು, ಅಷ್ಟೇ. ಅವಳು ತುಂಬಾ ಹೊತ್ತು ಕಾದಳು.

"ಹುಡುಗೀನ ಕಳ್ಸು," ಎಂದಳು. "ನೀವೆಲ್ಲ ಅವನ್ನ ಮೂರು ವರ್ಷದ ಹಿಂದೆ ಮಣ್ಣು ಮಾಡಿದ್ರಿ. ನಾನು ಇವತ್ತು ಮಾಡ್ದೆ."