ಅವ್ವನ ಬೋಗುಣಿ

ಆದೋನಿಯ ಹತ್ತಿ ವ್ಯಾಪಾರದ ಮನೆಗೆ ಹಿರಿಯಳು ನಾನು. ನನ್ನೆದುರು ಯಾರೂ ದನಿ ಎತ್ತುವುದಿಲ್ಲ. ನಿನ್ನೆ ಮಗ ಎತ್ತಿದ. ಸೊಸೆ ಬಿಸಿನೀರಿಗೆ ಶಾಂಪೂ, ನಿಂಬೆರಸ ಹಾಕಿ ಕೈ ನೆನೆಸಿ ಕೂತಿದ್ದಳು.

"ಮನ್ಯಾಗ ಪಾರ್ಲರ್ ತೆಗ್ದೀಯೇನು?" ಎಂದು ಅವಳ ಮೇಲೆ ರೇಗಿದ.

"ಪಾರ್ಲರಿಗೆ ಹೋದ್ರ ದುಡ್ಡು ದಂಡ ಅಂತೀರಿ, ಮನ್ಯಾಗ ಮಾಡ್ಕೊಂಡ್ರೂ ಬೈತೀರಿ" ಎಂದಳು ಅವಳು, ತಲೆ ಎತ್ತದೆ.

ನಿಂಬೆಯ ವಾಸನೆ ನನ್ನನ್ನು ನಾಗಲದಿನ್ನೆಯ ತವರಿಗೆ ಎಳೆದೊಯ್ದಿತು. ಹತ್ತಿ ಬಿಡಿಸಿ ಬಿಡಿಸಿ ಅವ್ವನ ಉಗುರಿನ ಸುತ್ತ ಚರ್ಮ ಸೀಳಿರುತ್ತಿತ್ತು. ಅಪ್ಪ ಮಾತ್ರ ಹತ್ತಿಯ ಎಳೆ ಪರೀಕ್ಷಿಸಲು ಬೇಕೆಂದು ಹೆಬ್ಬೆರಳ ಉಗುರನ್ನು ಉದ್ದ ಬಿಟ್ಟಿದ್ದ. ಅದನ್ನು ಒಪ್ಪ ಮಾಡಲು ಕ್ಷೌರಿಕ ವಾರವಾರವೂ ಕಟ್ಟೆಗೆ ಬರುತ್ತಿದ್ದ. ಒಂದು ದಿನ ಅವ್ವ ಹಿಂಡಿದ ನಿಂಬೆಹೋಳು ಹಾಕಿದ ಬಿಸಿನೀರಿನ ಬೋಗುಣಿಯಲ್ಲಿ ಬೆರಳಿಟ್ಟಳು. ಶೇಂಗಾ ಎಣ್ಣೆ ಹಿಡಿದು ನಾನು ಪಕ್ಕದಲ್ಲಿದ್ದೆ.

"ಈ ವಯಸ್ಸಿನ್ಯಾಗ ಸಿಂಗಾರ ಬೇಕಾತೇನು?" ಎಂದು ಅಪ್ಪ ಬೋಗುಣಿ ಒದ್ದ. ಅವ್ವ ಅದೇ ಬೆರಳುಗಳಿಂದ ನೆಲ ಒರೆಸಿದಳು. ನಾನು ಎಣ್ಣೆಯನ್ನು ಒಳಗೊಯ್ದು ಇಟ್ಟೆ. ನನ್ನ ಅಂದಿನ ಸಿಟ್ಟು ಇಂದಿಗೂ ಇಳಿದಿಲ್ಲ.

ನಿನ್ನೆ ನಾನು ಬಳೆ ಮೇಲೆ ಸರಿಸಿ, ಸೊಸೆಯ ಕೈಗಳ ಪಕ್ಕದಲ್ಲಿ ನನ್ನ ಕೈಗಳನ್ನೂ ನೀರಿನಲ್ಲಿಟ್ಟೆ.

"ನೀರು ಆರ್ಯಾವ. ಬಿಸಿನೀರು ತಗೊಂಡು ಬಾ" ಎಂದೆ ಮಗನಿಗೆ.

"ಯವ್ವಾ, ನೀನೂ?"

"ನಾನೂ."

ತಂದು ಹೊಯ್ದ.