ಭಾನುವಾರಕ್ಕೆ ಮುಂಚಿನ ಸಂಜೆ

ಮೊನ್ನೆ ಕಷಾಯದ ಸಾಮಾನಿಗೆಂದು ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಶುಂಠಿ, ಹಿಪ್ಪಲಿ ತೂಗಿ ಕಟ್ಟಿ, ಇನ್ನಾರಿಗೋ ಕೊಡಲು ಪಕ್ಕದ ಡಬ್ಬದ ಮುಚ್ಚಳ ತೆಗೆದ. ಅತಿಮಧುರದ ಬೇರಿನ ವಾಸನೆ ಬಂತು... ನನಗೆ ಅದು ಬೇಕಾಗಿರಲಿಲ್ಲ. ಆದರೂ ಅವನು ಮುಚ್ಚಳ ಹಾಕುವವರೆಗೆ ಅಲ್ಲೇ ನಿಂತಿದ್ದೆ. ನಮ್ಮ ಪಕ್ಕದ ಮನೆಯವರು ಈ ಬೇರಿನ ಚೂರೊಂದನ್ನು ಸದಾ ದವಡೆಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಗಂಟಲು ಕೆಟ್ಟರೆ ಅವರ ಕೆಲಸ ನಡೆಯುವಂತಿರಲಿಲ್ಲ.

ಅವರು ಅಶೋಕಪುರಂ ಕಡೆಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾಗಿ, ವಿಜಯನಗರದಲ್ಲಿ ನಮ್ಮ ಪಕ್ಕಕ್ಕೆ ಮನೆ ಕಟ್ಟಿಸಿಕೊಂಡು ಬಂದವರು. ಹೆಂಡತಿ ಇರಲಿಲ್ಲ. ನರ್ಸ್ ಆಗಿದ್ದ ಮಗಳ ಜೊತೆ ಇದ್ದರು. ನಂಜನಗೂಡಿನ ಆಚೆಯ ಸಣ್ಣ ಹಳ್ಳಿಗಳ ಚರ್ಚುಗಳಿಗೆ ದೀಕ್ಷೆ ಪಡೆದ ಅಯ್ಯನವರು ತಿಂಗಳಿಗೊಂದು ಭಾನುವಾರ ಬಂದರೆ ಹೆಚ್ಚು. ಮಿಕ್ಕ ಭಾನುವಾರಗಳಲ್ಲಿ ಇವರಂಥ ಸಂಸಾರಸ್ಥರು ಬಸ್ಸು ಹತ್ತಿ ಹೋಗಿ ಪ್ರಸಂಗ, ಅಂದರೆ ಬೈಬಲಿನ ಉಪದೇಶ, ಮಾಡಿ ಬರಬೇಕು. ಹಳ್ಳಿಯವರು ಇವರನ್ನೂ ಅಯ್ಯನವರೇ ಎಂದು ಕರೆದರೆ, ನಾನು ಸ್ಪ್ಯಾನರ್ ಹಿಡಿದವನು ಎಂದು ತಿದ್ದುತ್ತಿದ್ದರಂತೆ. ನಮ್ಮ ಬೀದಿಯಲ್ಲಿ ಅವರಿಗೆ ಪ್ರಸಂಗದವರು ಎಂದೇ ಹೆಸರು.

ಅಮ್ಮ ತೀರಿಕೊಂಡ ವರ್ಷ ಅದು. ನಾನು ಮದುವೆಯಾಗದವಳು, ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು ಆಗಷ್ಟೇ ನಿವೃತ್ತಳಾದವಳು. ಮನೆಯಲ್ಲಿ ಫ್ರಿಜ್ಜು ಬಿಟ್ಟರೆ ಇನ್ನೇನೂ ಸದ್ದು ಮಾಡುತ್ತಿರಲಿಲ್ಲ. ಒಂದು ಶನಿವಾರ ಸಂಜೆ ಅವರು ಗೇಟಿನ ಹತ್ತಿರ ಬಂದು, ನಾಳೆಯ ಪ್ರಸಂಗವನ್ನು ಒಂದು ಸಲ ಕೇಳುತ್ತೀರಾ ಎಂದರು. ನಾನು ಕಣ್ಣು ಕಣ್ಣು ಬಿಟ್ಟೆ. ನಮ್ಮದು ಅಜ್ಜನ ಕಾಲದಿಂದ ಅರಮನೆಯ ಚಾಕರಿ, ಏಕಾದಶಿ, ಮಡಿ ಎಂದು ಬೆಳೆದ ಮನೆ.

"ನೀವು ನಮ್ಮೋರಲ್ಲ, ಅದಕ್ಕೇ ಕೇಳ್ತಿದೀನಿ. ನಮ್ಮೋರು ಅರ್ಥ ಆಗ್ದಿದ್ರೂ ತಲೆ ಆಡಿಸ್ತಾರೆ ಕಣಮ್ಮ. ನಿಮಗೆ ಆ ದಾಕ್ಷಿಣ್ಯ ಇಲ್ಲ."

ಇದನ್ನು ಹೊಗಳಿಕೆ ಅಂದುಕೊಳ್ಳಬೇಕೋ ಬೈಗುಳ ಅಂದುಕೊಳ್ಳಬೇಕೋ ತಿಳಿಯಲಿಲ್ಲ. ನನ್ನ ಬಾಯಿ ಬೀದಿಗೆಲ್ಲ ಗೊತ್ತಿತ್ತು. ಒಪ್ಪಿಕೊಂಡೆ. ನನ್ನಿಂದ ಯಾರಿಗಾದರೂ ಏನಾದರೂ ಬೇಕಾಗಿ ಬಹಳ ತಿಂಗಳಾಗಿತ್ತು.

ಹೀಗೆ ಶುರುವಾದದ್ದು ಐದಾರು ವರ್ಷ ನಡೆಯಿತು. ಅವರ ವರಾಂಡದಲ್ಲಿ ನನಗೊಂದು ಬೆತ್ತದ ಕುರ್ಚಿ. ಅರ್ಥವಾಗದ ಕಡೆ ನಾನು ಕೈ ಎತ್ತಬೇಕು, ಅಷ್ಟೇ. ಅವರು ಅಲ್ಲಿಗೇ ನಿಲ್ಲಿಸಿ, ಆ ಮಾತನ್ನು ಸುಲಭದ ಮಾತಿಗೆ ತಿರುಗಿಸಿ ಹೇಳುವರು. 'ಪಾಪವಿಮೋಚನೆ'ಗೆ ಕೈ ಎತ್ತಿದೆ, 'ಪವಿತ್ರೀಕರಣ'ಕ್ಕೂ ಎತ್ತಿದೆ. ಒಮ್ಮೊಮ್ಮೆ ಅರ್ಥವಾಗಿದ್ದರೂ ಸುಮ್ಮನೆ ಎತ್ತುತ್ತಿದ್ದೆ. ಅದು ಅವರಿಗೂ ಗೊತ್ತಾಗುತ್ತಿತ್ತು. ದೇವರು ನಿಮ್ಮನ್ನು ನೋಡ್ಕೋತಾನೆ ಎಂದು ನಗುತ್ತಿದ್ದರು.

ಆಮೇಲೆ ಹೊಸದಾಗಿ ಪ್ರಸಂಗ ಕಲಿಯುವವರನ್ನೂ ಅಲ್ಲಿಗೇ ಕರೆಸತೊಡಗಿದರು. ಹೂಟಗಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬ, ಟೈಲರಿಂಗ್ ಮಾಡುವ ಒಬ್ಬಾಕೆ, ಹೀಗೆ. ಪಾಪ, ಅವರು ನಡುಗುವುದು ಚರ್ಚಿಗಲ್ಲ, ನನ್ನ ಬಲಗೈಗೆ. ಹೋಗುವಾಗ ಎಲ್ಲರಿಗೂ ಕಾಫಿ ಕೊಡುತ್ತಿದ್ದವಳು ನಾನೇ. ಬಲಿ ಕೊಡುವ ಮೊದಲು ನೀರು ಕುಡಿಸುವುದಿಲ್ಲವೇ, ಇಲ್ಲಿ ಆಮೇಲೆ ಕುಡಿಸುತ್ತಾರೆ ಎಂದು ಫ್ಯಾಕ್ಟರಿಯವನು ಒಮ್ಮೆ ಹೇಳಿ ನಾವೆಲ್ಲ ನಕ್ಕಿದ್ದೆವು.

ಒಂದು ಸಂಜೆ ಕಲಿಯುವವರೆಲ್ಲ ಎದ್ದುಹೋದ ಮೇಲೆ ಅವರು ತಮಗೆ ಕಲಿಸಿದ ಗುರುಗಳ ವಿಷಯ ತೆಗೆದರು. ಆ ಗುರುಗಳಿಗೆ ವಯಸ್ಸಾದ ಮೇಲೆ ಮರೆವು ಬಂದು, ಪ್ರತಿ ಭಾನುವಾರ ಒಂದೇ ಪ್ರಸಂಗ ಮಾಡುತ್ತಿದ್ದರಂತೆ. ಹಿಂದಿನ ಬೆಂಚಿನ ಹುಡುಗರು ಅವರಿಗಿಂತ ಮೊದಲೇ ಆ ಮಾತುಗಳನ್ನು ಪಿಸುಗುಟ್ಟಿ ನಗುತ್ತಿದ್ದರಂತೆ. ಹೇಳಬೇಕಾದ ದೊಡ್ಡವರು ಮರ್ಯಾದೆಗೆ ಸುಮ್ಮನಿದ್ದರಂತೆ.

"ನಗ್ತಿದ್ದೋರಲ್ಲಿ ನಾನೂ ಒಬ್ಬ ಕಣಮ್ಮ. ನನಗೆ ಹಂಗಾದ ದಿನ ನೀವು ಕೈ ಎತ್ತಬೇಕು. ಮಾತು ಕೊಡಿ."

ಕೊಟ್ಟೆ. ಎಲ್ಲೋ ದೂರದ ಮಾತು ಅಂದುಕೊಂಡು ಕೊಟ್ಟೆ.

ಆ ದಿನ ಬಂತು. ಬೈಬಲಿನಲ್ಲಿ ಬರುವ, ನಡುಮಧ್ಯಾಹ್ನ ಊರಿನ ಹೆಂಗಸರು ಯಾರೂ ಇಲ್ಲದ ಹೊತ್ತಿನಲ್ಲಿ, ಒಬ್ಬಳೇ ಬಾವಿಗೆ ನೀರಿಗೆ ಬಂದ ಹೆಂಗಸಿನ ಕಥೆ ಅವರ ಪ್ರಸಂಗ. ಯಾಕೆ ಅವಳು ಆ ಬಿಸಿಲಲ್ಲಿ ಒಬ್ಬಳೇ ಬಂದಳು ಎಂದು ಕೇಳಿ ಬಹಳ ಹೊತ್ತು ಸುಮ್ಮನಾಗುತ್ತಿದ್ದರು. ಮೊದಲ ಸಲ ಕೇಳಿದಾಗ ನನ್ನ ಎದೆಗೇ ಬಂದು ತಾಗಿತ್ತು. ಮುಂದಿನ ಶನಿವಾರವೂ ಅದೇ. ತಿದ್ದುತ್ತಿದ್ದಾರೆ ಅಂದುಕೊಂಡೆ. ಅದರ ಮುಂದಿನ ವಾರವೂ ಅದೇ ಕಥೆ, ಅದೇ ಮೌನ, ಹೊಸದಾಗಿ ಹೊಳೆದದ್ದನ್ನು ಹೇಳುವವರ ಅದೇ ಸಂತೋಷ... ಕೊಟ್ಟ ಮಾತು ನೆನಪಾಯಿತು.

ಮಗಳಿಗೆ ಮೊದಲೇ ತಿಳಿದಿತ್ತು. ಡ್ಯೂಟಿಗೆ ಹೊರಟಿದ್ದವಳು ಗೇಟಿನಲ್ಲಿ ನನ್ನ ಕೈ ಹಿಡಿದುಕೊಂಡು, ಹೇಳಬೇಡಿ ಆಂಟಿ, ಅಪ್ಪನಿಗೆ ಇರುವುದೇ ಭಾನುವಾರ ಎಂದಳು. ವಾರವೆಲ್ಲ ಅದೇ ಯೋಚನೆಯಲ್ಲಿದ್ದೆ. ಹೇಳದಿದ್ದರೆ ಅವರ ಭಾನುವಾರವೂ ಉಳಿಯುತ್ತದೆ, ನನ್ನ ಶನಿವಾರವೂ ಉಳಿಯುತ್ತದೆ. ಆದರೆ ಎಲ್ಲೋ ಒಂದು ಹಳ್ಳಿಯ ಚರ್ಚಿನಲ್ಲಿ ಹುಡುಗರು ಅವರ ಹಿಂದೆ ನಗುತ್ತಿದ್ದಾರೆ ಎನ್ನುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ಶನಿವಾರ ಬಾವಿಯ ಕಥೆ ಶುರುವಾಯಿತು. ನಾನು ಕೈ ಎತ್ತಿದೆ.

"ಯಾವ ಮಾತು ಅರ್ಥ ಆಗ್ಲಿಲ್ಲ?"

"ಎಲ್ಲಾ ಅರ್ಥ ಆಯ್ತು. ಹೋದ ವಾರನೂ ಅರ್ಥ ಆಗಿತ್ತು. ಅದರ ಹಿಂದಿನ ವಾರನೂ."

ಅವರು ಮೆಟ್ಟಿಲ ಮೇಲೆ ಕೂತರು. ಯಾರಾದರೂ ನಕ್ಕರೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಒಳ್ಳೇದು ಮಾಡಿದಿರಿ ಎಂದು ಎರಡೂ ಕೈ ಮುಗಿದು ಎದ್ದು ಒಳಗೆ ಹೋದರು. ಅಲ್ಲೇ ನಿಂತು ಅಯ್ಯನವರಿಗೆ ಫೋನು ಮಾಡಿ, ನಾಳೆಯಿಂದ ಫ್ಯಾಕ್ಟರಿಯ ಹುಡುಗನನ್ನು ಕಳಿಸಿ ಎಂದು ಹೇಳಿದ್ದು ನನಗೂ ಕೇಳಿಸಿತು.

ಮುಂದಿನ ಶನಿವಾರ ನಾನೇ ಹೋಗಿ, ಸಭೆಗೆ ಬೇಡದಿದ್ದರೂ ನನಗೆ ಹೇಳಿ, ಅದನ್ನೇ ಹೇಳಿ, ಎಷ್ಟು ಸಲ ಬೇಕಾದರೂ ಕೇಳುತ್ತೇನೆ ಎಂದೆ. ಅವರು ಬಹಳ ಮೃದುವಾಗಿ ಹೇಳಿದರು.

"ಭಾನುವಾರ ಇಲ್ಲ ಅಂದ್ಮೇಲೆ ಶನಿವಾರ ಯಾತಕ್ಕಮ್ಮ?"

ನನಗೆ ನೋವಾಯಿತು. ವಾರವೆಲ್ಲ ನಾನು ಕಾಯುತ್ತಿದ್ದ ಸಂಜೆ ಅವರಿಗೆ ಮರುದಿನದ ತಯಾರಿ ಮಾತ್ರ ಎನ್ನುವುದು ನನಗೆ ಅವತ್ತೇ ತಿಳಿದದ್ದು. ಅವರೇನೂ ಮುನಿಸಿಕೊಂಡವರಲ್ಲ. ಎದುರಾದರೆ ನಗುತ್ತಿದ್ದರು, ಬಿಸಿಲು ಜಾಸ್ತಿ ಎನ್ನುತ್ತಿದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ, ಈ ಮನೆ ಯಾರದ್ದಮ್ಮ ಎಂದು ನನ್ನ ಗೇಟು ಹಿಡಿದು ನನ್ನನ್ನೇ ಕೇಳಿದರು...

ಅವರು ತೀರಿಕೊಂಡಾಗ ಚರ್ಚಿಗೂ ಹೋದೆ, ಆಮೇಲೆ ಸ್ಮಶಾನಕ್ಕೂ ಹೋದೆ. ಹಳ್ಳಿಗಳಿಂದ ಟೆಂಪೊ ಮಾಡಿಕೊಂಡು ಜನ ಬಂದಿದ್ದರು. ನನ್ನ ಪಕ್ಕ ನಿಂತಿದ್ದ ಒಬ್ಬಾಕೆ, ನನಗಿಂತ ಹಿರಿಯಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊನೆಕೊನೆಗೆ ಅವರು ಒಂದೇ ಪ್ರಸಂಗ ಮಾಡುತ್ತಿದ್ದರಲ್ಲವೇ, ನಿಮ್ಮ ಕಡೆ ಹುಡುಗರು ನಗುತ್ತಿದ್ದರಾ ಎಂದು ಕೇಳಿದೆ. ಎಷ್ಟೋ ದಿನದಿಂದ ಅದು ನನ್ನೊಳಗೆ ಕೊರೆಯುತ್ತಿತ್ತು.

"ಯಾಕ್ ನಗ್ತಾರವ್ವ? ಅದ್ನೇ ಯೋಳ್ತಾವ್ರೆ ಅಂತ ನಮ್ಗೂ ಗೊತ್ತಿತ್ತು. ಯೋಳ್ಲಿ ಅಂತ ಕೂತ್ಕತಿದ್ದೊ. ಅವ್ರು ಬಸ್ ಇಳ್ದು ಬರಾದ್ ನೋಡಿದ್ರೇನೆ ನಮ್ಗೆ ಬಾನ್ವಾರ. ಯಾರೋ ಬ್ಯಾಡ ಅಂತ ನಿಲ್ಲುಸ್ಬುಟ್ರಂತೆ."

ನಾನೇ ಎಂದೆ. ಆಕೆ ಕಣ್ಣೊರೆಸುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಸಿಟ್ಟೇನೂ ಇರಲಿಲ್ಲ.

"ನಿಮ್ಗೆ ಕೇಳಿ ಕೇಳಿ ಬೇಜಾರಾಗಿತ್ತಾ?"

ಅಷ್ಟರಲ್ಲಿ ಟೆಂಪೊದವನು ಹಾರ್ನ್ ಹೊಡೆದ, ಆಕೆಯನ್ನು ಯಾರೋ ಕೂಗಿ ಕರೆದುಕೊಂಡು ಹೋದರು. ಅವರಿಗೆ ಮಾತು ಕೊಟ್ಟಿದ್ದೆ, ನಡೆಸಿಕೊಟ್ಟೆ ಎಂದು ವಿವರಿಸುವುದಕ್ಕೂ ಸಮಯವಿರಲಿಲ್ಲ. ಸರಿಯಾದದ್ದನ್ನೇ ಮಾಡಿದೆ ಎಂದು ಇವತ್ತಿಗೂ ಅನ್ನಿಸುತ್ತದೆ. ಹಾಗೆ ಅನ್ನಿಸುವುದರಿಂದ ಸಮಾಧಾನವೇನೂ ಆಗುವುದಿಲ್ಲ.

ಪಕ್ಕದ ಮನೆಯನ್ನು ಮಗಳು ಬಾಡಿಗೆಗೆ ಕೊಟ್ಟು ಆಸ್ಪತ್ರೆಯ ಹತ್ತಿರ ಹೋಗಿದ್ದಾಳೆ. ವರಾಂಡದಲ್ಲಿ ಈಗ ಎರಡು ಸ್ಕೂಟರ್ ನಿಂತಿವೆ. ಹೊಸದಾಗಿ ಕಲಿಯುವವರು ತಮ್ಮ ಪ್ರಸಂಗವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತಾವೇ ಕೇಳಿಕೊಳ್ಳುತ್ತಾರಂತೆ. ಇವತ್ತು ಶನಿವಾರ. ಕಾಫಿ ಲೋಟ ಹಿಡಿದು ನಮ್ಮ ಮೆಟ್ಟಿಲ ಮೇಲೆ ಕೂತಿದ್ದೇನೆ. ಆ ಹೆಂಗಸು ಯಾವ ಹಳ್ಳಿಯವಳೋ ಗೊತ್ತಿಲ್ಲ, ಇನ್ನೆಲ್ಲಿ ಸಿಗುತ್ತಾಳೆ... ಸಿಕ್ಕಿದ್ದರೆ ಹೇಳುತ್ತಿದ್ದೆ. ಇಲ್ಲ ಕಣಮ್ಮ. ನನಗೆ ಒಂದು ದಿನವೂ ಬೇಜಾರಾಗಿರಲಿಲ್ಲ.